ಬಾಯಿಬಿಟ್ಟು ಕೇಳಿದವಳು

ವೇದಾವತಿ ಹೊಳೆಯ ದಂಡೆಯ ಮೇಲೆ ಮರುಳಯ್ಯ ಗುರುಗಳ ಆಶ್ರಮವಿತ್ತು. ಕಲಿಯಬೇಕೆಂದು ಯಾರು ಬಂದರೂ ಅಲ್ಲಿ ಬೇಡ ಎನ್ನುತ್ತಿರಲಿಲ್ಲ. ಬಂದವರಿಗೆ ಕುಡಿಯಲು ಅಂಬಲಿ, ಮಲಗಲು ಚಾಪೆ, ಅಕ್ಷರ ತಿದ್ದಲು ಹೊಳೆಯ ಮರಳು.

ಗುರುಗಳಿಗೆ ವಯಸ್ಸಾಗಿತ್ತು. ಪಾಠದ ಭಾರವನ್ನು ಹಿರಿಯ ಶಿಷ್ಯ ಪರ್ವತಯ್ಯನಿಗೆ ಒಪ್ಪಿಸಿದ್ದರು.

ಪರ್ವತಯ್ಯ ಸಜ್ಜನ. ಯಾರಿಗೂ ಒಂದು ಗಡಸು ಮಾತು ಆಡಿದವನಲ್ಲ. ಮೂರು ವರ್ಷ ರಾಜಧಾನಿಯಲ್ಲಿದ್ದು, ಅಲ್ಲಿನ ದೊಡ್ಡ ಪಂಡಿತರೊಬ್ಬರ ಬಳಿ ‘ಶಿಷ್ಯಪರೀಕ್ಷೆ’ ಎಂಬ ವಿದ್ಯೆ ಕಲಿತು ಬಂದಿದ್ದ. ಕಲಿಯಲು ಬಂದವರು ಯಾರು, ಎಂಥವರು, ಅವರಿಗೆ ಬೇಕಾದುದೇನು ಎಂದು ಕಂಡುಹಿಡಿಯುವ ವಿದ್ಯೆ ಅದು.

ಅದರಲ್ಲಿ ನಲವತ್ತೆಂಟು ಪ್ರಶ್ನೆಗಳು. ಉತ್ತರಗಳನ್ನು ತೂಗಿ ನೋಡಿ ಒಬ್ಬೊಬ್ಬರ ಹೆಸರಿನಲ್ಲೂ ಒಂದು ಓಲೆ ಬರೆಯಬೇಕು. ಓಲೆಯ ಒಂದು ಮಗ್ಗುಲಲ್ಲಿ ‘ಯಾರು’. ಇನ್ನೊಂದು ಮಗ್ಗುಲಲ್ಲಿ ‘ಏನು ಬೇಕು’.

“ನಮ್ಮ ಆಶ್ರಮದಲ್ಲೂ ಹೀಗೆ ಮಾಡಬಹುದೇ ಗುರುಗಳೇ?” ಎಂದು ಕೇಳಿದಾಗ ಮರುಳಯ್ಯನವರಿಗೆ ಸಂತೋಷವಾಯಿತು.

“ಮಾಡಪ್ಪ. ಎಲ್ಲರ ಹೆಗಲಿಗೂ ಒಂದೇ ನೊಗ ಇಡುವುದಕ್ಕಿಂತ ಇದು ಮೇಲು.”

ಅದರಿಂದ ಒಳ್ಳೆಯದೂ ಆಯಿತು. ಬೋರಣ್ಣ ಎಂಬ ಕುರುಬ ದಿನಾ ಬೆಳಿಗ್ಗೆ ಪಾಠದ ಹೊತ್ತಿಗೆ ಯಾರ ಮೇಲಾದರೂ ಜಗಳ ತೆಗೆಯುತ್ತಿದ್ದ. ಎಲ್ಲರೂ ಅವನನ್ನು ಮುಂಗೋಪಿ ಎಂದುಕೊಂಡಿದ್ದರು. ಪರ್ವತಯ್ಯ ಕೂರಿಸಿಕೊಂಡು ಕೇಳಿದಾಗ ತಿಳಿಯಿತು: ಅವನು ಎರಡು ಹರಿದಾರಿ ನಡೆದು ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದ. ಪಾಠಕ್ಕೆ ಮೊದಲೇ ಅಂಬಲಿ ಕೊಡಲು ಶುರುಮಾಡಿದರು. ಜಗಳ ನಿಂತಿತು.

ಗುರುಗಳು ತಲೆದೂಗಿದರು. ಅವತ್ತಿನಿಂದ ಪರ್ವತಯ್ಯನಿಗೆ ತನ್ನ ವಿದ್ಯೆಯ ಮೇಲೆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಆ ಪಂಡಿತರು ಹೇಳಿಕೊಟ್ಟ ಒಂದು ಸೂತ್ರವಿತ್ತು. ಪರ್ವತಯ್ಯ ಅದನ್ನು ಆಗಾಗ ಹೇಳುತ್ತಿದ್ದ: “ಬಾಯಿ ಕೇಳುವುದು ಆಸೆ. ಬಲ್ಲವನಿಗೆ ಕಾಣುವುದು ಅಗತ್ಯ.”

*

ದೀಪಾವಳಿ ಕಳೆದ ಮೂರನೆಯ ದಿನ ಒಬ್ಬ ಹೆಂಗಸು ಆಶ್ರಮಕ್ಕೆ ಬಂದಳು. ಐವತ್ತು ದಾಟಿದ ವಯಸ್ಸು. ಗಟ್ಟಿ ಮೈಕಟ್ಟು, ಚಿಕ್ಕ ಚಿಕ್ಕ ಕೈಗಳು. ಹೆಸರು ದ್ಯಾವಮ್ಮ.

ಪರ್ವತಯ್ಯ ಅವಳನ್ನು ಹೊಂಗೆ ಮರದ ಕೆಳಗೆ ಕೂರಿಸಿ, ನೀರು ಕೊಟ್ಟು, ಪ್ರಶ್ನೆ ಕೇಳತೊಡಗಿದ.

“ಯಾವ ಕುಲ ತಾಯಿ?”

“ಕ್ಷೌರಿಕರ ಮನೆಯವಳು ಬುದ್ಧಿ.”

“ಯಜಮಾನರು?”

“ಇಲ್ಲ.”

“ಮಕ್ಕಳು?”

“ಒಬ್ಬಳೇ ಮಗಳು. ಚೌಡಿ. ಹೊಳೆಯ ಮೇಲ್ದಿಕ್ಕಿನ ಊರಿಗೆ ಕೊಟ್ಟಿದೀನಿ. ನಡೆದರೆ ಮೂರು ದಿನದ ಹಾದಿ.”

“ನೋಡಿ ಎಷ್ಟು ದಿನವಾಯಿತು?”

“ಎರಡು ವರ್ಷ.”

ಪರ್ವತಯ್ಯನ ಮನಸ್ಸು ಕರಗಿತು. ಬರೆಯುವ ಕಬ್ಬಿಣದ ಕಂಟ ಹಿಡಿದು ಓಲೆಯ ಮೇಲೆ ಗೀಚುತ್ತಾ ಹೋದ.

“ಕಸುಬು?”

“ಸೂಲಗಿತ್ತಿ.”

“ಇಲ್ಲಿಗೆ ಬಂದ ಕಾರಣ?”

ದ್ಯಾವಮ್ಮ ಮುಂದಕ್ಕೆ ಬಾಗಿದಳು. ಈ ಪ್ರಶ್ನೆಗಾಗಿಯೇ ಕಾದಿದ್ದವಳಂತೆ ಒಂದೇ ಉಸಿರಿನಲ್ಲಿ ಹೇಳಿದಳು:

“ಬರೆಯೋದು ಕಲೀಬೇಕು ಬುದ್ಧಿ. ಆದಷ್ಟು ಬೇಗ.”

“ಈ ವಯಸ್ಸಿನಲ್ಲಿ ಬರೆಯುವುದು ಯಾಕೆ ತಾಯಿ?”

“ಮಗಳಿಗೆ ಬರೆದು ಕಳಿಸಬೇಕು. ಅವಳಿಗೆ ಓದೋಕೆ ಬರುತ್ತೆ, ಅವಳ ಮಾವ ಕಲಿಸಿದಾರೆ. ನನಗೆ ಬರೆಯೋಕೆ ಬರಲ್ಲ.”

“ಏನು ಬರೆಯಬೇಕು ಹೇಳಿ. ನಾನೇ ಬರೆದುಕೊಡುತ್ತೇನೆ.”

ದ್ಯಾವಮ್ಮ ಸೆರಗು ಎಳೆದುಕೊಂಡಳು. “ಗಂಡಸರ ಮುಂದೆ ಹೇಳೋ ಮಾತಲ್ಲ ಬುದ್ಧಿ. ಅದಕ್ಕೇ ನಾನೇ ಕಲೀಬೇಕು ಅಂತ ಬಂದಿದ್ದು.”

ಪರ್ವತಯ್ಯ ಮುಗುಳ್ನಕ್ಕ. ಉಳಿದ ಪ್ರಶ್ನೆಗಳನ್ನೂ ಕೇಳಿ ಮುಗಿಸಿದ. ಅವಳು ಹೋದ ಮೇಲೆ ಬಹಳ ಹೊತ್ತು ಯೋಚಿಸಿದ. ಗಂಡನಿಲ್ಲ. ಮಗಳು ದೂರ. ಬಾಯಿಬಿಟ್ಟು ಹೇಳಲಾಗದ ಮಾತು ಮನಸ್ಸಿನಲ್ಲಿದೆ. ಪಾಪ, ಅಕ್ಷರ ಎಂಬುದು ಬರೀ ನೆಪ. ಇವಳಿಗೆ ಬೇಕಾದುದು ಸಮಾಧಾನ.

ಹಾಗೆಂದೇ ಬರೆದ.

ಮರುದಿನ ಅವಳ ಕೈಗೆ ತಾಳ ಕೊಟ್ಟು ಭಜನೆಯ ಸಾಲಿನಲ್ಲಿ ಕೂರಿಸಿದ.

“ಅಕ್ಷರ ಬುದ್ಧಿ?” ಎಂದಳು ದ್ಯಾವಮ್ಮ.

“ಆಗಲಿ ತಾಯಿ. ಮೊದಲು ಮನಸ್ಸು ತಿಳಿಯಾಗಲಿ. ಇಲ್ಲಿನ ಕ್ರಮ ಹೀಗೆಯೇ.”

ಇದು ಗುರುಗಳ ಅಪ್ಪಣೆ ಇರಬೇಕು ಎಂದುಕೊಂಡು ಅವಳು ಸುಮ್ಮನಾದಳು.

*

ಒಂದು ತಿಂಗಳಾಯಿತು. ಅವಳು ಮತ್ತೆ ಕೇಳಿದಳು. “ಅವಸರ ಬೇಡ ತಾಯಿ” ಎಂದ ಪರ್ವತಯ್ಯ.

ಮೂರು ತಿಂಗಳಾಯಿತು. ಒಂದು ಮಧ್ಯಾಹ್ನ ಅವಳು ಪಾಠದ ಚಪ್ಪರದ ಹಿಂದೆ ಕೂತು, ಒಳಗೆ ಬೋರಣ್ಣ ತಿದ್ದುತ್ತಿದ್ದ ಅಕ್ಷರಗಳನ್ನು ಇಣುಕಿ ನೋಡುತ್ತಾ ಕಡ್ಡಿಯಿಂದ ನೆಲದ ಮೇಲೆ ಗೀಚುತ್ತಿದ್ದಳು. ಎದುರಿನಿಂದ ನೋಡಿ ಬರೆದದ್ದರಿಂದ ಎಲ್ಲ ಅಕ್ಷರಗಳೂ ತಲೆಕೆಳಗಾಗಿದ್ದವು.

ಅದು ಪರ್ವತಯ್ಯನ ಕಣ್ಣಿಗೆ ಬಿತ್ತು. ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ ಎಂದು ಮರುಗಿದ. ಅವಳ ಓಲೆಯಲ್ಲಿ ‘ಚಿತ್ತ ಚಂಚಲ’ ಎಂದು ಸೇರಿಸಿದ. ಬೆಳಗಿನ ಭಜನೆಯ ಜೊತೆಗೆ ಸಂಜೆಯ ಭಜನೆಗೂ ಕೂರಿಸಿದ.

ಯುಗಾದಿಯ ಹೊತ್ತಿಗೆ ಇನ್ನೊಮ್ಮೆ ಕೇಳಿದಳು. ಈ ಸಲ ಕೈಮುಗಿದಳು.

“ಬುದ್ಧಿ, ನನ್ನ ಮಗಳು ಕಸುಬನ್ನ ಅರ್ಧ ಕಲಿತಿದ್ದಾಳೆ. ಅಷ್ಟರಲ್ಲೇ ಮದುವೆಯಾಗಿ ಹೋದಳು. ಅಲ್ಲಿ ಬೇರೆ ಸೂಲಗಿತ್ತಿ ಇಲ್ಲ, ಎಲ್ಲರೂ ಅವಳನ್ನೇ ಕರೀತಾರೆ. ಹೆಣ್ಣು ಕೊಟ್ಟ ಮನೆಯಲ್ಲಿ ನಾನು ತಿಂಗಳುಗಟ್ಟಲೆ ಕೂರೋಕಾಗಲ್ಲ, ಎರಡು ಕೂಸು ಬಿಟ್ಟು ಅವಳು ಬರೋಕಾಗಲ್ಲ. ನಾನು ಬರೆದು ಕಳಿಸದಿದ್ದರೆ ಅವಳಿಗೆ ಹೇಳೋರು ಯಾರು?”

“ಎಲ್ಲಕ್ಕೂ ಮೇಲೆ ಒಬ್ಬ ಇದ್ದಾನೆ ತಾಯಿ. ಹಾಡುವಾಗ ಅವನನ್ನು ನೆನೆಯಿರಿ. ಆತಂಕ ಇಳಿಯುತ್ತದೆ.”

ದ್ಯಾವಮ್ಮ ಅವನ ಮುಖವನ್ನೇ ನೋಡಿದಳು. ಹೋಗಿ ತಾಳ ಎತ್ತಿಕೊಂಡಳು.

ಅವಳಿಗೆ ಒಳ್ಳೆಯ ಕಂಠವಿತ್ತು. ಅವಳು ಹಾಡುವಾಗ ಗುರುಗಳೂ ಕಣ್ಣುಮುಚ್ಚಿ ಕೇಳುತ್ತಿದ್ದರು.

*

ಮುಂಗಾರು ಶುರುವಾಗಿ ಹೊಳೆ ಕೆಂಪಗೆ ಹರಿಯುತ್ತಿತ್ತು. ಒಂದು ಬೆಳಿಗ್ಗೆ ಆಶ್ರಮದ ಬಾಗಿಲಲ್ಲಿ ಒಬ್ಬ ನಿಂತಿದ್ದ. ತಲೆ ನುಣ್ಣಗೆ ಬೋಳಿಸಿತ್ತು. ಮೊಣಕಾಲವರೆಗೂ ಕೆಸರು.

ದ್ಯಾವಮ್ಮನ ಅಳಿಯ ಸಿರಿಯಣ್ಣ.

ಅವನ ಬೋಳುತಲೆ ನೋಡಿದ್ದೇ ದ್ಯಾವಮ್ಮ ಬಾಗಿಲಿಗೆ ಓಡಿ ಬಂದಳು.

“ಯಾರು?”

“ನಿಂಗಿ, ಅತ್ತೆ. ನನ್ನ ತಂಗಿ.”

ನಿಂಗಿಗೆ ಹತ್ತೊಂಬತ್ತು ವರ್ಷ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಗು ಅಡ್ಡ ತಿರುಗಿತ್ತು. ಚೌಡಿ ಎರಡು ಹಗಲು ಅವಳ ಪಕ್ಕದಿಂದ ಏಳಲಿಲ್ಲ. ತಿಳಿದದ್ದನ್ನೆಲ್ಲ ಮಾಡಿದಳು. ತಿಳಿಯದ ಜಾಗಕ್ಕೆ ಬಂದು ಅವಳ ಕೈ ನಿಂತುಹೋಯಿತು.

“ಮಗು?”

ಸಿರಿಯಣ್ಣ ತಲೆಯಾಡಿಸಿದ. ಅದೂ ಉಳಿಯಲಿಲ್ಲ.

ಆಮೇಲೆ ಅವನೇ ಹೇಳಿದ.

“ಚೌಡಿ ಅನ್ನ ಬಿಟ್ಟಿದ್ದಾಳೆ ಅತ್ತೆ. ‘ಅವ್ವ ಬರೆದು ಕಳಿಸ್ತೀನಿ ಅಂದಿದ್ದಳು, ದಿನಾ ದಾರಿ ನೋಡಿದೆ, ಓಲೆ ಯಾಕೆ ಬರಲಿಲ್ಲ ಕೇಳ್ಕೊಂಡು ಬಾ’ ಅಂತ ಕಳಿಸಿದಳು.”

ದ್ಯಾವಮ್ಮ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಪಾಠದ ಚಪ್ಪರಕ್ಕೆ ನಡೆದಳು.

ಪರ್ವತಯ್ಯ ಪಾಠ ಶುರುಮಾಡುವುದರಲ್ಲಿದ್ದ. ಗುರುಗಳು ಗೋಡೆಗೆ ಒರಗಿ ಕೂತಿದ್ದರು. ದ್ಯಾವಮ್ಮ ತನ್ನ ತಾಳವನ್ನು ಪರ್ವತಯ್ಯನ ಮುಂದೆ ಎಸೆದಳು. ಅದು ಝಣ್ ಎಂದು ಉರುಳಿ ಕಂಬಕ್ಕೆ ಬಡಿದು ನಿಂತಿತು.

“ಈ ಕೈ ನೋಡಿ ಬುದ್ಧಿ.” ಎರಡೂ ಅಂಗೈ ಅವನ ಮುಖಕ್ಕೆ ಹಿಡಿದಳು. “ಅಡ್ಡ ಬಿದ್ದ ಹದಿನೇಳು ಕೂಸುಗಳನ್ನ ನೆಟ್ಟಗೆ ತಿರುಗಿಸಿದ ಕೈ ಇದು. ಹದಿನೇಳೂ ಬದುಕಿವೆ. ಹೇಗೆ ತಿರುಗಿಸಬೇಕು ಅಂತ ಈ ಬೆರಳಿಗೆ ಗೊತ್ತಿತ್ತು. ನನ್ನ ಮಗಳಿಗೆ ಗೊತ್ತಿರಲಿಲ್ಲ. ಎಂಟು ತಿಂಗಳು ಈ ಕೈಯಲ್ಲಿ ನೀವು ತಾಳ ತಟ್ಟಿಸಿದಿರಿ!”

ಪರ್ವತಯ್ಯ ಎದ್ದು ನಿಂತ. “ತಾಯಿ, ಏನಾಯಿತು?”

“ಹತ್ತೊಂಬತ್ತು ವರ್ಷದ ಹುಡುಗಿ ಸತ್ತಳು. ಅವಳ ಕೂಸು ಸತ್ತಿತು. ನನ್ನ ಮಗಳು ಇವತ್ತಿಗೂ ತನ್ನ ಕೈ ತೊಳೀತಾ ಕೂತಿದ್ದಾಳಂತೆ. ನಾನು ಇಲ್ಲಿ ದೇವರ ಹಾಡು ಹೇಳ್ತಾ ಇದ್ದೆ! ಬಾಯಿಬಿಟ್ಟು ಕೇಳಿದೆ ಬುದ್ಧಿ. ಒಂದು ಸಲ ಅಲ್ಲ, ನಾಲ್ಕು ಸಲ. ಕೈಮುಗಿದು ಕೇಳಿದೆ. ಕಿವಿ ಎಲ್ಲಿಟ್ಟಿದ್ದಿರಿ?”

ಸಿರಿಯಣ್ಣ ಬಂದು ಅವಳ ಭುಜ ಹಿಡಿದ. ಅವಳು ಕೊಡವಿದಳು.

ಮರುಳಯ್ಯನವರು ಎದ್ದು ನಿಂತಿದ್ದರು.

“ಪರ್ವತಯ್ಯ, ಈ ತಾಯಿಯ ಓಲೆ ತೆಗೆದುಕೊಂಡು ಬಾ.”

ಅವನು ತಂದ.

“ಓದು. ಗಟ್ಟಿಯಾಗಿ. ಅವಳಿಗೆ ಕೇಳುವ ಹಾಗೆ.”

“ಗುರುಗಳೇ, ಇದು ಅವರ ಎದುರಿಗೆ ಓದುವಂಥದ್ದಲ್ಲ...”

“ಅವಳ ವಿಷಯ ಬರೆದದ್ದು ಅವಳ ಎದುರಿಗೆ ಓದುವಂಥದ್ದಲ್ಲದಿದ್ದರೆ ಬರೆದೆ ಯಾಕೆ? ಓದು.”

ಪರ್ವತಯ್ಯ ಓದತೊಡಗಿದ.

“ಹೆಸರು ದ್ಯಾವಮ್ಮ. ವಿಧವೆ. ವೈಧವ್ಯದ ದುಃಖ ಇನ್ನೂ ಆರಿಲ್ಲ.”

“ಯಾರು ಹೇಳಿದ್ದು?” ದ್ಯಾವಮ್ಮ ಕೇಳಿದಳು. “ಗಂಡ ಸತ್ತು ಹನ್ನೆರಡು ವರ್ಷ. ಕುಡಿದು ಬಂದು ಹೊಡೀತಿದ್ದ. ಅವನು ಹೋದ ಮೇಲೆ ನಾನು ನೆಮ್ಮದಿಯಾಗಿ ಉಂಡಿದ್ದೀನಿ. ನೀವು ‘ಯಜಮಾನರು’ ಅಂದಿರಿ, ನಾನು ‘ಇಲ್ಲ’ ಅಂದೆ. ದುಃಖ ಇದೆ ಅಂದೆನಾ?”

ಪರ್ವತಯ್ಯ ನಿಲ್ಲಿಸಿದ.

“ಓದು” ಎಂದರು ಗುರುಗಳು.

“ಕ್ಷೌರಿಕ ಕುಲ. ವಂಶದಲ್ಲಿ ವಿದ್ಯೆ ಇಲ್ಲ.”

“ನಮ್ಮಜ್ಜಿ ಮುಟ್ಟಿ ನೋಡಿ ಕೂಸು ಯಾವ ವಾರ ಹುಟ್ಟುತ್ತೆ ಹೇಳ್ತಿದ್ದಳು. ಅವಳ ಅತ್ತೆಯಿಂದ ಅವಳಿಗೆ, ಅವಳಿಂದ ನಮ್ಮವ್ವನಿಗೆ, ನಮ್ಮವ್ವನಿಂದ ನನಗೆ. ಅದು ವಿದ್ಯೆ ಅಲ್ಲವಾ?”

“ವಯಸ್ಸು ಮೀರಿದೆ. ಜ್ಞಾಪಕಶಕ್ತಿ ಕಡಿಮೆ ಇರಬಹುದು.”

“ನಾನು ಹಿಡಿದ ಕೂಸು ಮುನ್ನೂರ ಹನ್ನೊಂದು. ಯಾವ ಮನೆ, ಗಂಡೋ ಹೆಣ್ಣೋ, ಮೊದಲು ತಲೆ ಬಂತೋ ಕಾಲು ಬಂತೋ, ಕೇಳಿ ನನ್ನ! ಈಗಲೇ ಕೇಳಿ!”

ಪರ್ವತಯ್ಯನ ದನಿ ಇಳಿದಿತ್ತು. ಓಲೆ ತಿರುಗಿಸಿ ಕೊನೆಯ ಸಾಲು ಓದಿದ.

“ಅಕ್ಷರ ಬೇಕೆನ್ನುವುದು ಮಗಳ ಮೇಲಿನ ಹಂಬಲದ ಇನ್ನೊಂದು ರೂಪ. ಇವರಿಗೆ ಬೇಕಾದುದು ಸಾಂತ್ವನ.”

ದ್ಯಾವಮ್ಮ ತನ್ನ ಮುಖದ ಮೇಲೆ ಬೇರೆ ಯಾರದೋ ಮುಖ ಬರೆದಿಟ್ಟಿದ್ದನ್ನು ನೋಡಿದವಳ ಹಾಗೆ ನಿಂತಿದ್ದಳು.

“ಗುರುಗಳೇ,” ಪರ್ವತಯ್ಯನ ಕಣ್ಣು ತುಂಬಿತ್ತು, “ನಾನು ಒಳ್ಳೆಯದನ್ನೇ ಬಯಸಿದ್ದೆ.”

“ಯಾರಿಗೆ?”

“ಇವರಿಗೆ.”

“ಇವರು ಯಾರು?”

ಪರ್ವತಯ್ಯ ಕೈಯಲ್ಲಿದ್ದ ಓಲೆ ನೋಡಿದ. ದ್ಯಾವಮ್ಮನನ್ನು ನೋಡಿದ.

ಗುರುಗಳ ಮುಖ ಕೆಂಪೇರಿತು. ಅಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಹಾಗೆ ನೋಡಿರಲಿಲ್ಲ.

“ನಲವತ್ತೆಂಟು ಪ್ರಶ್ನೆ ಕೇಳಿದೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊಟ್ಟ ಉತ್ತರ ಬಿಟ್ಟು, ಕೊಡದ ಉತ್ತರ ಬರೆದುಕೊಂಡೆ! ಬೋರಣ್ಣ ‘ಹಸಿವು’ ಅಂದಾಗ ಅಂಬಲಿ ಕೊಟ್ಟೆಯಲ್ಲ, ಇವಳು ‘ಅಕ್ಷರ’ ಅಂದಾಗ ಯಾಕೆ ಕೊಡಲಿಲ್ಲ? ಬೋರಣ್ಣನ ಹೊಟ್ಟೆ ಅವನದು, ಇವಳ ತಲೆ ಮಾತ್ರ ನಿನ್ನದೋ?”

“ಬಲ್ಲವನಿಗೆ ಕಾಣುವುದು ಅಗತ್ಯ ಎಂದು ಪಂಡಿತರು...”

“ಬಲ್ಲವಳು ಎದುರಿಗೇ ಕೂತಿದ್ದಳಲ್ಲೋ!”

ಹೊರಗೆ ಮರದ ಮೇಲಿದ್ದ ಕಾಗೆಗಳು ಆ ದನಿಗೆ ಹಾರಿದವು.

ಗುರುಗಳು ಸುಧಾರಿಸಿಕೊಂಡರು. ಗೋಡೆ ಹಿಡಿದು ನಿಧಾನವಾಗಿ ದ್ಯಾವಮ್ಮನ ಮುಂದೆ ಬಂದರು.

“ತಾಯಿ, ಎಂಟು ತಿಂಗಳು ನಾನೂ ನಿನ್ನ ಹಾಡು ಕೇಳಿದೆ. ಚೆನ್ನಾಗಿದೆ ಎಂದು ತಲೆದೂಗಿದೆ. ಈ ಹೆಂಗಸು ಇಲ್ಲಿಗೆ ಯಾಕೆ ಬಂದಳು ಎಂದು ಒಂದು ದಿನ ಕೇಳಲಿಲ್ಲ. ಥೂ, ನನ್ನ ಗುರುತನಕ್ಕಿಷ್ಟು.”

ಅವರು ಬಾಗಿ ಅವಳ ಕಾಲು ಮುಟ್ಟಿದರು.

ದ್ಯಾವಮ್ಮ ಹಿಂದೆ ಸರಿಯಲಿಲ್ಲ. “ಬೇಡಿ ಬುದ್ಧಿ” ಎನ್ನಲೂ ಇಲ್ಲ.

“ಕಾಲು ಮುಟ್ಟಿದರೆ ನಿಂಗಿ ಬರಲ್ಲ” ಎಂದಳು. “ಚೌಡಿಯ ಊರಲ್ಲಿ ಇನ್ನೂ ನಾಲ್ಕು ಜನ ಬಸುರಿಯರಿದ್ದಾರಂತೆ. ಅಕ್ಷರ ಯಾವಾಗ ಶುರು?”

“ಈಗ” ಎಂದರು ಗುರುಗಳು.

*

ಮರಳು ಹರಡಿದರು. ಪರ್ವತಯ್ಯ ಬೆರಳಿನಿಂದ ‘ಅ’ ಬರೆದ. “ಅ, ಅರಸ” ಎಂದ.

“ನಮ್ಮೂರಿಗೆ ಯಾವ ಅರಸನೂ ಬಂದಿಲ್ಲ ಬುದ್ಧಿ. ನನಗೆ ಪುರುಸೊತ್ತಿಲ್ಲ. ‘ಬಸುರಿ’ ಬರೆದು ತೋರಿಸಿ.”

ಪರ್ವತಯ್ಯನ ಬೆರಳು ಮರಳಿನ ಮೇಲೆ ನಿಂತಿತು. ಸುತ್ತ ಕೂತ ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲಯ್ಯ ಎಂಬ ವಯಸ್ಸಾದ ಶಿಷ್ಯ ಗಂಟಲು ಸರಿಮಾಡಿಕೊಂಡ.

“ಗುರುಗಳೇ, ಇದು ಗುರುಪೀಠದ ಅಂಗಳ. ಇಲ್ಲಿ ಸೂತಕದ ಮಾತು ಬರೆಸುವುದು ಸರಿಯೇ?”

“ಕಲ್ಲಯ್ಯ, ನೀನು ಹುಟ್ಟಿದ್ದು ಹೇಗೆ?”

ಕಲ್ಲಯ್ಯ ತಬ್ಬಿಬ್ಬಾದ.

“ಮುಗಿಲಿನಿಂದ ಉದುರಿದೆಯಾ? ನಿಮ್ಮವ್ವ ಬಸುರಿಯಾಗಿದ್ದಳಲ್ಲ? ಯಾರೋ ಒಬ್ಬ ಸೂಲಗಿತ್ತಿ ನಿನ್ನನ್ನು ಎಳೆದು, ಹೊಕ್ಕುಳುಬಳ್ಳಿ ಕೊಯ್ದು, ಮೈ ತೊಳೆದು, ಅಳಿಸಿದ್ದಕ್ಕೆ ತಾನೆ ನೀನು ಇವತ್ತು ಮಡಿ ಎನ್ನುತ್ತಾ ಕೂತಿರುವುದು? ಅವಳ ಕೈ ಮೈಲಿಗೆ, ನಿನ್ನ ಬಾಯಿ ಮಡಿ?”

ಕಲ್ಲಯ್ಯ ತಲೆತಗ್ಗಿಸಿದ.

ಮರುಳಯ್ಯನವರು ಮರಳಿನ ಮುಂದೆ ಕೂತರು. ಪರ್ವತಯ್ಯ ಬರೆದ ‘ಅ’ ಅಳಿಸಿದರು. ಎಲ್ಲರೂ ನೋಡುತ್ತಿದ್ದಂತೆ ತಮ್ಮ ಬೆರಳಿನಿಂದ ದೊಡ್ಡದಾಗಿ ಬರೆದರು: ಬಸುರಿ.

“ತಿದ್ದು ತಾಯಿ.”

ದ್ಯಾವಮ್ಮ ತಿದ್ದಿದಳು.

ಆಮೇಲೆ ಅವಳು ಯಾರಿಗೂ ಬಿಡುವು ಕೊಡಲಿಲ್ಲ. ಬೆಳಗಾದರೆ ಮರಳು, ಊಟವಾದರೆ ಮರಳು. ಹೊಕ್ಕುಳು, ಬೆನ್ನು, ಹರಳೆಣ್ಣೆ, ಬಿಸಿನೀರು, ಬಲಗೈ, ಎಡಗೈ, ಮೆಲ್ಲಗೆ. ತನಗೆ ಬೇಕಾದ ಮಾತುಗಳನ್ನು ಅವಳೇ ಹೇಳುತ್ತಿದ್ದಳು, ಪರ್ವತಯ್ಯ ಬರೆದು ತೋರಿಸುತ್ತಿದ್ದ. ಅಷ್ಟರಲ್ಲಿ ಅವನಿಗೇ ಒಂದು ವಿಷಯ ಹೊಳೆಯಿತು. ಅವಳು ಯಾವ ಅಕ್ಷರವನ್ನೂ ಎರಡು ಸಲ ಕೇಳುತ್ತಿರಲಿಲ್ಲ. ಬೆರಳು ಒಮ್ಮೆ ಮಾಡಿದ್ದನ್ನು ಮರೆಯುತ್ತಿರಲಿಲ್ಲ.

ನಲವತ್ತು ದಿನಕ್ಕೆ ಓಲೆ ಮತ್ತು ಕಂಟ ಬೇಕು ಎಂದಳು. ಮೂಲೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪರ್ವತಯ್ಯ ದಿನವಿಡೀ ಹೊರಗೆ ಜಗುಲಿಯ ಮೇಲೆ ಕೂತಿರುತ್ತಿದ್ದ. ಒಳಗಿನಿಂದ ಆಗಾಗ ದನಿ ಬರುತ್ತಿತ್ತು.

“ಬುದ್ಧಿ, ಗ-ಕ್ಕೆ ಕೊಂಬು ಕೆಳಗೋ ಪಕ್ಕಕ್ಕೋ?”

“ಪಕ್ಕಕ್ಕೆ ತಾಯಿ.”

“ಸರಿ.”

ಅಷ್ಟೇ. ಏನು ಬರೆಯುತ್ತಿದ್ದೀರಿ ಎಂದು ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ. ಒಂದು ದಿನ ಒಳಗಿನಿಂದ ಬಿಕ್ಕುವ ಸದ್ದು ಬಂತು. ಅವನು ಎದ್ದು ಬಾಗಿಲವರೆಗೆ ಹೋದ. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಹಿಂದಕ್ಕೆ ಬಂದು ಕೂತ. ಸ್ವಲ್ಪ ಹೊತ್ತಿಗೆ ಓಲೆಯ ಮೇಲೆ ಕಂಟ ಗೀಚುವ ಸದ್ದು ಮತ್ತೆ ಶುರುವಾಯಿತು.

ಇಪ್ಪತ್ತೇಳು ಓಲೆಗಳಾದವು. ನವರಾತ್ರಿಗೆ ಮುಂಚೆ ಸಿರಿಯಣ್ಣ ಮತ್ತೆ ಬಂದ. ದ್ಯಾವಮ್ಮ ಓಲೆಗಳನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ಬಿಗಿಯಾಗಿ ಗಂಟು ಹಾಕಿ ಅವನ ಕೈಗಿಟ್ಟಳು.

“ಚೌಡಿ ಕೈಗೇ ಕೊಡು. ನೀನು ಬಿಚ್ಚಬೇಡ. ಮೊದಲನೆಯದು ಅಡ್ಡಗೂಸಿನದು ಅಂತ ಹೇಳು. ಅದನ್ನ ಬಾಯಿಪಾಠ ಮಾಡಲಿ. ತಪ್ಪು ಅವಳದಲ್ಲ ಅಂತ ಅದರಲ್ಲೇ ಬರೆದಿದೀನಿ, ಆದರೂ ನೀನು ಬಾಯಿಬಿಟ್ಟು ಹೇಳು.”

ಸಿರಿಯಣ್ಣ ಓಲೆಯ ಕಟ್ಟನ್ನು ಎದೆಗೊತ್ತಿಕೊಂಡು ಹೋದ.

ತಾನೂ ತನ್ನ ಊರಿಗೆ ಹೊರಡುತ್ತೇನೆ ಎಂದಳು ದ್ಯಾವಮ್ಮ. ಪರ್ವತಯ್ಯ ಅವಳ ಗಂಟು ಹೊತ್ತುಕೊಂಡು ಹೊಳೆಯವರೆಗೆ ಬಂದ. ನೀರು ಇಳಿದಿತ್ತು. ಹರಿಗೋಲು ಕಾಯುತ್ತಿತ್ತು.

“ತಾಯಿ, ನನ್ನನ್ನು ಕ್ಷಮಿಸಿ.”

ದ್ಯಾವಮ್ಮ ಗಂಟು ಇಸಿದುಕೊಂಡಳು.

“ನೀವು ಕೆಟ್ಟವರಾಗಿದ್ದರೆ ಒಂದು ಸಲ ಬೈದು ಮರೆತುಬಿಡ್ತಿದ್ದೆ. ಬಾಗಿಲಿಗೆ ಬರಬೇಡ ಅಂದಿದ್ದರೆ ಬೇರೆ ಬಾಗಿಲು ನೋಡ್ಕೋತಿದ್ದೆ. ನೀವು ಒಳ್ಳೆಯವರು ಬುದ್ಧಿ. ಕೂರಿಸಿ ನೀರು ಕೊಟ್ಟಿರಿ, ‘ತಾಯಿ’ ಅಂದಿರಿ. ಅದಕ್ಕೇ ಎಂಟು ತಿಂಗಳು ಕೂತೆ. ನನ್ನ ಸಿಟ್ಟು ಇರೋದೇ ಅದಕ್ಕೆ.”

ಅವಳು ಹರಿಗೋಲು ಹತ್ತಿದಳು. ಅತ್ತ ದಡ ಸೇರುವವರೆಗೂ ಹಿಂದಿರುಗಿ ನೋಡಲಿಲ್ಲ.

*

ಪರ್ವತಯ್ಯ ಆಶ್ರಮಕ್ಕೆ ಬಂದು ಗುರುಗಳ ಮುಂದೆ ಕೂತ.

“ಗುರುಗಳೇ, ಊಟ ಸೇರುವುದಿಲ್ಲ. ಪಾಠ ಹೇಳಲು ಬಾಯಿ ತೆರೆದರೆ ಆ ಹುಡುಗಿ ಕಣ್ಣೆದುರು ಬರುತ್ತಾಳೆ. ನಾನು ಅವಳ ಮುಖವನ್ನೇ ನೋಡಿಲ್ಲ, ಆದರೂ ಬರುತ್ತಾಳೆ.”

ಗುರುಗಳು ನೀರಿನ ಚೊಂಬನ್ನು ಅವನತ್ತ ಸರಿಸಿದರು.

“ಕಾಶಿಗೆ ಹೋಗಲೇ? ಒಂದು ವರ್ಷ ಮೌನ ಹಿಡಿಯಲೇ? ಪಾಠ ಹೇಳುವುದನ್ನೇ ಬಿಟ್ಟು ಸೌದೆ ಒಡೆದುಕೊಂಡು ಇರಲೇ?”

“ಸೌದೆ ಒಡೆಯಲು ಬೋರಣ್ಣ ಇದ್ದಾನೆ” ಎಂದರು ಗುರುಗಳು. “ನಾಳೆ ಬೆಳಿಗ್ಗೆ ಚಪ್ಪರದಲ್ಲಿ ಹದಿನಾಲ್ಕು ಜನ ಬಂದು ಕೂರುತ್ತಾರೆ. ಅವರಿಗೆ ಯಾರು ಹೇಳಬೇಕು?”

“ನನ್ನಿಂದಾಗದು. ಎದೆಯಲ್ಲಿ ಕೆಂಡ ಇಟ್ಟ ಹಾಗಿದೆ. ಇದು ಆರುವುದಕ್ಕೆ ಏನಾದರೂ ಪ್ರಾಯಶ್ಚಿತ್ತ ಹೇಳಿ ಗುರುಗಳೇ.”

ಮರುಳಯ್ಯನವರು ಅವನ ಮುಖ ನೋಡಿದರು. ಅವರ ಕಣ್ಣಲ್ಲಿ ಕರುಣೆಯಿತ್ತು. ಸಿಟ್ಟೂ ಇನ್ನೂ ಇತ್ತು.

“ಆರಿಸಬೇಡ. ಮುಂದೆ ಯಾರಾದರೂ ಬಾಯಿ ತೆರೆದು ಮಾತಾಡುವಾಗ ಅದು ನಿನ್ನನ್ನು ಸುಡುತ್ತಿರಲಿ.”